ದಾವಣಗೆರೆಯಲ್ಲಿ ದಿನದ ಬಾಡಿಗೆ ಮನೆ: ಹಾಸಿಗೆಗೆ ಎರಡು ಸ್ಟಾರ್, ಬೀಗದ ಕೈಗೆ ಸೊನ್ನೆ

ಸ್ಟಾರ್ ಎಷ್ಟು ಕೊಡಬೇಕು ಅಂತ ಮೂರು ದಿನ ಯೋಚನೆ ಮಾಡಿದೆ. ಮನೆ ಚೆನ್ನಾಗಿತ್ತು. ಕೊಟ್ಟವನ ನಡವಳಿಕೆಯೂ ಚೆನ್ನಾಗಿತ್ತು. ತೊಂದರೆ ಒಂದೇ, ಮನೆ ಅವನದಲ್ಲ. ಅವನ ಹತ್ತಿರ ಇದ್ದದ್ದು ಬೀಗದ ಕೈ. ವಾರಕ್ಕೊಂದು ಸಲ ಕಿಟಕಿ ತೆಗೆದು ಗಾಳಿ ಆಡಿಸಲಿ ಅಂತ ಓನರ್ ಕೊಟ್ಟು ಹೋಗಿದ್ದು.

ಅಪಾರ್ಟ್‌ಮೆಂಟ್ ಹೆಸರು ಹಾಕಲ್ಲ. ಅಲ್ಲಿ ಇಪ್ಪತ್ತು ಚಿಲ್ಲರೆ ಸಂಸಾರಗಳಿವೆ, ಅವರಿಗೆಲ್ಲ ಯಾಕೆ ಸುಮ್ನೆ ಕೆಟ್ಟ ಹೆಸರು. ವಿದ್ಯಾನಗರದ ಕಡೆ ಅಂದುಕೊಳ್ಳಿ, ಸಾಕು.

ನಾವು ಹಿರಿಯೂರಿನವರು. ಅಪ್ಪನಿಗೆ ಮಂಡಿ ಬದಲಿಸುವ ಆಪರೇಷನ್ ಆಗಬೇಕಿತ್ತು, ದಾವಣಗೆರೆಗೆ ಕರೆದುಕೊಂಡು ಬಂದೆವು. ಹೆದ್ದಾರಿ 48 ಹಿಡಿದರೆ ನೆಟ್ಟಗೆ ನೂರು ಕಿಲೋಮೀಟರ್ ಆಸುಪಾಸು. 1997ರಲ್ಲಿ ಬೇರೆ ಜಿಲ್ಲೆ ಆಗುವವರೆಗೆ ದಾವಣಗೆರೆಯೂ ನಮ್ಮ ಚಿತ್ರದುರ್ಗ ಜಿಲ್ಲೆಯದೇ ಆಗಿತ್ತು. ಅಪ್ಪ ಇನ್ನೂ ಅದೇ ಲೆಕ್ಕದಲ್ಲಿದ್ದಾರೆ, "ಜಿಲ್ಲೆಯೊಳಗೇ ಅಲ್ವಾ, ಬೆಂಗಳೂರು ಯಾಕೆ" ಅಂತ ಹೊರಟರು. 1965ರಿಂದ ಮೆಡಿಕಲ್ ಕಾಲೇಜು ಇರುವ ಊರು ಇದು. ಜಗಳೂರು, ಹರಪನಹಳ್ಳಿ, ಹಾವೇರಿ ಕಡೆಯಿಂದೆಲ್ಲ ಜನ ಆಸ್ಪತ್ರೆಗೆ ಅಂತಲೇ ಇಲ್ಲಿಗೆ ಬರುತ್ತಾರೆ. ರೋಗಿಗೆ ಒಂದು ಹಾಸಿಗೆ ಸಿಗುತ್ತದೆ. ಜೊತೆಗೆ ಬಂದವರು ಚೀಲ ತಲೆಕೆಳಗೆ ಇಟ್ಟುಕೊಂಡು ವರಾಂಡದಲ್ಲಿ ಮಲಗಬೇಕು.

ಐದನೇ ದಿನ ಡಿಸ್ಚಾರ್ಜ್ ಮಾಡಿದರು. ಹೊಲಿಗೆ ಬಿಚ್ಚುವುದಕ್ಕೆ ಇನ್ನೂ ಹತ್ತು ದಿನ ಇತ್ತು, ಅಲ್ಲಿಯವರೆಗೆ ದಿನಾ ಫಿಸಿಯೋಥೆರಪಿಗೆ ಬರಬೇಕು ಅಂದರು. ದಿನಾ ಹಿರಿಯೂರಿಂದ ಬಂದು ಹೋಗಲು ಆಗುತ್ತದಾ? ಬಸ್ ಸ್ಟ್ಯಾಂಡ್ ಸುತ್ತ ನಾಲ್ಕು ಲಾಡ್ಜ್ ನೋಡಿದೆ. ಒಂದಕ್ಕೆ ಲಿಫ್ಟ್ ಇಲ್ಲ, ಒಂದರಲ್ಲಿ ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ, ಮತ್ತೊಂದರಲ್ಲಿ ಮಂಚ ಎಷ್ಟು ತಗ್ಗು ಅಂದರೆ ನಾನೇ ಕೂತು ಏಳುವಾಗ ಗೋಡೆ ಹಿಡಿದೆ. ಯಾವುದರಲ್ಲೂ ಅಡುಗೆಗೆ ಜಾಗ ಇಲ್ಲ. ಅಪ್ಪನಿಗೆ ಶುಗರ್ ಬೇರೆ, ದಿನಾ ಹೋಟೆಲ್ ಊಟ ಆಗಲ್ಲ.

ಆಗ ಆಸ್ಪತ್ರೆ ಎದುರಿನ ಟೀ ಅಂಗಡಿಯವನು ಒಂದು ನಂಬರ್ ಕೊಟ್ಟ. "ಅಣ್ಣ, ಮನೇನೇ ಸಿಗುತ್ತೆ, ದಿನದ ಲೆಕ್ಕ. ನಮ್ಮ ಹುಡುಗ ಅಲ್ಲಿ ವಾಚ್‌ಮನ್" ಅಂದ. ಫೋನ್ ಮಾಡಿದೆ. ಆ ಕಡೆಯವನು ಕೇಳಿದ ಮೊದಲ ಮೂರು ಪ್ರಶ್ನೆ ಕೇಳಿ ನಾನು ಕರಗಿಹೋದೆ. ಪೇಶೆಂಟ್ ಎಷ್ಟು ವಯಸ್ಸು? ಯಾವ ಆಪರೇಷನ್? ಕಮೋಡ್ ಬೇಕಾ? ನಾಲ್ಕು ಲಾಡ್ಜ್ ಸುತ್ತಿದ್ದೆನಲ್ಲ, ಇದನ್ನು ಒಬ್ಬರಾದರೂ ಕೇಳಿರಲಿಲ್ಲ.

ದಿನಕ್ಕೆ 1,000. ಡೆಪಾಸಿಟ್ 3,000. ಐದು ದಿನದ್ದು ಮುಂಗಡ. ಒಟ್ಟು 8,000 ಫೋನ್‌ಪೇ ಮಾಡಿದೆ. ಹಣ ಹೋದ ಹೆಸರು ಒಬ್ಬ ಹೆಂಗಸಿನದು. "ನಮ್ಮ ಮನೆಯವಳ ಅಕೌಂಟ್ ಅಣ್ಣ" ಅಂದ. ಸರಿ ಅಂದೆ. ಆಧಾರ್ ಕೇಳಲಿಲ್ಲ, ಪುಸ್ತಕದಲ್ಲಿ ಸಹಿ ಕೇಳಲಿಲ್ಲ. ಎಷ್ಟು ಸುಲಭ ಅಂತ ಖುಷಿಪಟ್ಟೆ ನೋಡಿ, ನನ್ನ ಬುದ್ಧಿಗೆ ಏನು ಹೇಳಬೇಕು.

ಈಗ ಮನೆ ಬಗ್ಗೆ. ಮೂರನೇ ಮಹಡಿ, ಎರಡು ಬೆಡ್‌ರೂಮ್. ಲಿಫ್ಟ್ ಇದೆ, ಕರೆಂಟ್ ಹೋದರೆ ಲಿಫ್ಟ್‌ಗೆ ಜನರೇಟರ್ ಇದೆ, ವಾಕರ್ ಹಿಡಿದವರಿಗೆ ಅದೇ ದೊಡ್ಡದು. ಒಂದು ಬೆಡ್‌ರೂಮ್‌ಗೆ ಬೀಗ. ಓನರ್ ಸಾಮಾನೆಲ್ಲ ಅದರೊಳಗೆ ತುಂಬಿದ್ದಾರೆ ಅಂದ. ಇನ್ನೊಂದರಲ್ಲಿ ಡಬಲ್ ಕಾಟ್, ಎತ್ತರ ಸರಿಯಾಗಿತ್ತು, ಹಾಸಿಗೆ ಗಟ್ಟಿ. ಬೆಡ್‌ಶೀಟ್ ಒಗೆದದ್ದೇ, ಆದರೆ ಫಿನಾಯಿಲ್ ವಾಸನೆ, ಆಸ್ಪತ್ರೆಯಿಂದ ಆಸ್ಪತ್ರೆಗೇ ಬಂದ ಹಾಗೆ. ಹಾಲ್‌ನಲ್ಲಿ ಸೋಫಾ, ಟಿವಿ ಇರುವ ಕಡೆ ಟಿವಿ ಇಲ್ಲ, ಮೊಳೆ ಮಾತ್ರ. ನೀರು ಎರಡು ಹೊತ್ತೂ ಬಂತು. ಗೀಸರ್ ಚೆನ್ನಾಗಿತ್ತು. ಮೊದಲ ರಾತ್ರಿ ಅಪ್ಪನಿಗೆ ಬಿಸಿನೀರು ಬ್ಯಾಗ್ ಬೇಕು ಅಂದಾಗ ಅವನೇ ಹತ್ತು ಗಂಟೆಯಲ್ಲಿ ಹೋಗಿ ಮೆಡಿಕಲ್ ಶಾಪ್‌ನಿಂದ ತಂದುಕೊಟ್ಟ. ಇದನ್ನೂ ಬರೆಯಬೇಕು, ಇಲ್ಲ ಅಂದರೆ ತಪ್ಪಾಗುತ್ತದೆ.

ಅಡುಗೆಮನೆಯೇ ಮೊದಲು ಅನುಮಾನ ತಂದಿದ್ದು. ಗ್ಯಾಸ್ ಒಲೆ ಇತ್ತು, ಪಾತ್ರೆ ಕಡಿಮೆ. ಶೆಲ್ಫ್ ತೆಗೆದರೆ ಉಪ್ಪಿನ ಪ್ಯಾಕೆಟ್ ನಾಲ್ಕು. ನಾಲ್ಕೂ ಒಡೆದದ್ದು. ಒಂದಕ್ಕೆ ರಬ್ಬರ್ ಬ್ಯಾಂಡ್, ಒಂದಕ್ಕೆ ಬಟ್ಟೆ ಕ್ಲಿಪ್, ಒಂದನ್ನು ಬಾಯಿ ಮಡಚಿ ಮೇಲೆ ಲೋಟ ಇಟ್ಟಿದ್ದರು, ನಾಲ್ಕನೆಯದು ಹಾಗೇ ಬಾಯಿ ತೆರೆದು ಕಲ್ಲಾಗಿತ್ತು. ಪಕ್ಕದಲ್ಲಿ ಅರ್ಧರ್ಧ ಅರಿಶಿನ, ಸ್ವಲ್ಪ ರಾಗಿ ಹಿಟ್ಟು, ಕೆಮ್ಮಿನ ಔಷಧಿಯ ಪ್ಲಾಸ್ಟಿಕ್ ಮುಚ್ಚಳ. ನನ್ನ ಹೆಂಡತಿ ನೋಡಿದವಳೇ, "ಇದು ಮನೆ ಅಲ್ಲ ಕಣ್ರೀ, ಛತ್ರ" ಅಂದಳು. ನಾವು ಐದನೆಯ ಪ್ಯಾಕೆಟ್ ತಂದಿದ್ದೆವು.

ಇನ್ನೊಂದು ಕಣ್ಣಿಗೆ ಬಿದ್ದದ್ದು ಬೆಡ್‌ರೂಮ್ ಬಾಗಿಲ ಚೌಕಟ್ಟು. ಪೆನ್ಸಿಲ್‌ನಲ್ಲಿ ಗೆರೆ ಎಳೆದು ಮಗುವಿನ ಎತ್ತರ ಗುರುತು ಹಾಕಿದ್ದರು, ಮೇಲಿಂದ ಕೆಳಗೆ ಏಳೆಂಟು ಗೆರೆ. ಯಾರೋ ಆ ಗೆರೆಗಳ ಮೇಲೇ ಸ್ಟಿಕ್ಕರ್ ಕೊಕ್ಕೆ ಅಂಟಿಸಿ ಯೂರಿನ್ ಬ್ಯಾಗ್ ನೇತುಹಾಕಿದ್ದಿರಬೇಕು, ಕೊಕ್ಕೆ ಇನ್ನೂ ಅಲ್ಲೇ ಇತ್ತು, ಟ್ಯೂಬಿನ ತುಂಡೂ ಸೇರಿ.

ಇನ್ನು ಅವನ ಕಟ್ಟಳೆಗಳು. ಮುಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬೇಡಿ. ಗಾಡಿ ಒಳಗೆ ತರಬೇಡಿ, ಹೊರಗೆ ಬೇವಿನಮರದ ಕೆಳಗೆ ನಿಲ್ಲಿಸಿ. ಯಾರಾದರೂ ಕೇಳಿದರೆ 302ರ ಓನರ್ ಕಡೆ ನೆಂಟರು ಅನ್ನಿ. "ಅಸೋಸಿಯೇಷನ್‌ನೋರು ಸುಮ್ನೆ ಕಿರಿಕಿರಿ ಮಾಡ್ತಾರಣ್ಣ, ಮತ್ತೇನಿಲ್ಲ" ಅಂದ. ಬಟ್ಟೆ ಒಣಹಾಕಬೇಡಿ ಅಂದಾಗಲೇ ನಾನು ಕೇಳಬೇಕಿತ್ತು. ನ್ಯಾಯವಾಗಿ ಬಾಡಿಗೆ ಕೊಟ್ಟವರು ಒದ್ದೆ ಟವೆಲ್‌ಗೆ ಹೆದರುತ್ತಾರಾ?

ಕೇಳಲಿಲ್ಲ. ಅಪ್ಪ ಮಲಗಿದ್ದರು, ಎರಡು ರಾತ್ರಿಯಿಂದ ನಾನೂ ನಿದ್ದೆ ಮಾಡಿರಲಿಲ್ಲ, ದಿನಕ್ಕೆ ಸಾವಿರಕ್ಕೆ ಇಷ್ಟು ಸಿಕ್ಕಿದೆ, ಇನ್ನೇನು ಕೆದಕುವುದು ಅಂದುಕೊಂಡೆ.

ನಾಲ್ಕನೇ ದಿನ ಭಾನುವಾರ. ಬೆಳಿಗ್ಗೆ ಬೆಣ್ಣೆ ದೋಸೆ ಪಾರ್ಸೆಲ್ ತಂದಿದ್ದೆ. (ಬೆಣ್ಣೆ ದೋಸೆ ಪಾರ್ಸೆಲ್ ತರಬೇಡಿ. ಕಾವಲಿಯಿಂದ ತಟ್ಟೆಗೆ ಬೀಳಬೇಕು ಅದು. ಮನೆಗೆ ಬರುವಷ್ಟರಲ್ಲಿ ಬೆಣ್ಣೆ ಕಾಗದಕ್ಕೆ, ಚರ್ಮ ನಮಗೆ.) ಹಾಲ್‌ನಲ್ಲಿ ಅಪ್ಪ ಕುರ್ಚಿ ಮೇಲೆ, ನಾವಿಬ್ಬರೂ ನೆಲದ ಮೇಲೆ ಕೂತು ಆಲೂಗಡ್ಡೆ ಪಲ್ಯ ಬಿಚ್ಚುತ್ತಿದ್ದೇವೆ, ಬಾಗಿಲಲ್ಲಿ ಕೀ ತಿರುಗಿದ ಸದ್ದು. ವಾಚ್‌ಮನ್ ಇರಬೇಕು ಅಂದುಕೊಂಡೆ. ಬಾಗಿಲು ತೆಗೆದು ನಿಂತವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದು ಕೈಯಲ್ಲಿ ಕೀ.

"ನೀವು ಯಾರ್ರೀ?"

ನನ್ನ ಹೆಂಡತಿಯ ಬಾಯಿಂದ ಕಲಿಸಿಕೊಟ್ಟ ಪಾಠ ಬಂದೇಬಿಟ್ಟಿತು. "ಓನರ್ ಕಡೆ ನೆಂಟರು."

"ಯಾವ ಕಡೆಯಿಂದ?"

ನಾವು ಮುಖ ಮುಖ ನೋಡಿಕೊಂಡೆವು. ಅಪ್ಪ ಸಹಾಯಕ್ಕೆ ಬಂದರು. "ಅವರ ತಂಗಿ ಕಡೆಯಿಂದಮ್ಮ" ಅಂದರು.

"ಓನರ್ ತಂಗಿ ನಾನೇ" ಅಂದರು ಆಕೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಅಪ್ಪನ ಕಾಲಿನ ಪಟ್ಟಿ ನೋಡಿದರು, ವಾಕರ್ ನೋಡಿದರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅಪ್ಪ ಏಳಲು ಹೋದಾಗ "ಕೂರ್ರಿ ಅಪ್ಪಾಜಿ, ದೋಸೆ ಆರಿಹೋಗುತ್ತೆ, ತಿನ್ರಿ ಮೊದಲು" ಅಂದರು. ಆ ದೋಸೆ ಗಂಟಲಲ್ಲಿ ಹೇಗೆ ಇಳಿಯಿತೋ ಗೊತ್ತಿಲ್ಲ. ಆಮೇಲೆ ಆಕೆ ಸೋಫಾ ಮೇಲೆ ಕೂತು ಬೆಂಗಳೂರಿನ ಅಣ್ಣನಿಗೆ ಫೋನ್ ಮಾಡಿದರು. "ಫ್ರಿಜ್ಜಲ್ಲ ಕಣೋ, ಮನುಷ್ಯರು" ಅಂದರು.

ಫ್ರಿಜ್ಜಿನ ಕಥೆ ಏನು ಅಂದರೆ, ಅಣ್ಣ ಬೆಸ್ಕಾಂ ಬಿಲ್ ಫೋನಿನಲ್ಲೇ ಕಟ್ಟುತ್ತಾರೆ. ಬೀಗ ಹಾಕಿದ ಮನೆ, ಒಂದು ಬಲ್ಬ್ ಉರಿಯದಿದ್ದರೂ ನಿಗದಿತ ಶುಲ್ಕ ಬಂದೇ ಬರುತ್ತದೆ, ಅದು ಅವರಿಗೆ ಗೊತ್ತು. ಆದರೆ ಎರಡು ಮೂರು ತಿಂಗಳಿಂದ ಯೂನಿಟ್ ಕೂಡ ಏರುತ್ತಿತ್ತು. ಕೇಳಿದ್ದಕ್ಕೆ ವಾಚ್‌ಮನ್, "ಫ್ರಿಜ್ ಆನ್ ಆಗಿ ಉಳಿದಿರಬೇಕು ಸರ್, ನೋಡ್ತೀನಿ" ಅಂದಿದ್ದ. ಈ ಮನೆಯಲ್ಲಿ ಫ್ರಿಜ್ಜೇ ಇಲ್ಲ, ಅದು ಬೆಂಗಳೂರಿಗೆ ಹೋಗಿದೆ. ಅಣ್ಣನಿಗೆ ಅದು ಮರೆತುಹೋಗಿತ್ತು, ತಂಗಿಗೆ ಮರೆತಿರಲಿಲ್ಲ. ಎರಡು ಕಿಲೋವ್ಯಾಟ್ ಗೀಸರ್ ಒಂದು ಗಂಟೆ ಓಡಿದರೆ ಎರಡು ಯೂನಿಟ್. ಆಪರೇಷನ್ ಆದವರ ಮನೆಯಲ್ಲಿ ಗೀಸರ್ ಎಷ್ಟು ಓಡುತ್ತದೆ ಲೆಕ್ಕ ಹಾಕಿ. ತಂಗಿ ಇರುವುದು ಹರಿಹರದಲ್ಲಿ, ಅಲ್ಲಿಂದ ಇಲ್ಲಿಗೆ ಸ್ಕೂಟಿಯಲ್ಲಿ ಎಷ್ಟು ಹೊತ್ತು, ಹೊರಟು ಬಂದುಬಿಟ್ಟರು.

ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು ಮುಂದಿನದು. ಈ ಮನೆಯನ್ನು ಓನರ್ ಸುಮ್ಮನೆ ಖಾಲಿ ಇಟ್ಟಿರಲಿಲ್ಲ, ಎಂಟು ತಿಂಗಳಿಂದ ಬಾಡಿಗೆಗೆ ಹುಡುಕುತ್ತಿದ್ದರು. ತಿಂಗಳಿಗೆ 14,000 ಕೇಳಿದ್ದರು, ಆಮೇಲೆ 12,000ಕ್ಕೆ ಇಳಿಸಿದ್ದರು. "ಯಾರೂ ಬರ್ತಾನೇ ಇಲ್ಲ ಮೇಡಂ, ಬಂದೋರು ಒಪ್ಪಲ್ಲ" ಅಂತ ವಾಚ್‌ಮನ್ ಹೇಳುತ್ತಿದ್ದ. ಆಕೆ ಕೆಳಗೆ ಹೋಗಿ ಅವನ ರೂಮಿನ ಬಾಗಿಲು ತಳ್ಳಿದರು, ನಾನೂ ಜೊತೆಗಿದ್ದೆ. ಮಂಚದ ಹಿಂದೆ, ಗೋಡೆಗೆ ಮುಖ ಮಾಡಿ, "ಮನೆ ಬಾಡಿಗೆಗೆ ಇದೆ" ಬೋರ್ಡು. ಓನರ್ ನಂಬರ್ ಸಮೇತ. ಗೇಟಿಗೆ ನೇತುಹಾಕಲು ಕೊಟ್ಟದ್ದು. ತೂತಿಗೆ ತಂತಿಯನ್ನೂ ಕಟ್ಟಿರಲಿಲ್ಲ.

ತಿಂಗಳಿಗೆ ಇಪ್ಪತ್ತು ದಿನ ಪೇಶೆಂಟ್ ಕಡೆಯವರು ಇದ್ದರೂ 20,000. ಅವನ ಸಂಬಳ 11,000. ಬಾಡಿಗೆಗೆ ಬರುವವರನ್ನು "ನೀರಿನ ತೊಂದರೆ ಜಾಸ್ತಿ ಇಲ್ಲಿ" ಅಂತ ವಾಪಸ್ ಕಳಿಸಿದರೆ ಆಯಿತು, ಮನೆ ಖಾಲಿಯೇ ಉಳಿಯುತ್ತದೆ. ಬಾಡಿಗೆ ಸಿಗದಂತೆ ನೋಡಿಕೊಳ್ಳುವುದೇ ಇಲ್ಲಿ ಬಂಡವಾಳ.

ಅವನು ಬಂದ. ಹರಪನಹಳ್ಳಿ ಕಡೆಯವನು, ಮೂವತ್ತು ಮೂವತ್ತೈದು ಇರಬಹುದು. ಮೊದಲು ಇಲ್ಲ ಅಂದ, ಆಮೇಲೆ ಒಂದೇ ಸಲ ಅಂದ, ನಾನು ನಾಲ್ಕು ಉಪ್ಪಿನ ಪ್ಯಾಕೆಟ್ ತಂದು ಟೇಬಲ್ ಮೇಲೆ ಇಟ್ಟಾಗ ಸುಮ್ಮನಾದ. "ಮನಿ ಖಾಲಿ ಬಿದ್ದೈತಿ ಅಕ್ಕಾ. ಇವ್ರು ಆಸ್ಪತ್ರಿ ಮುಂದ ಮಲಗ್ತಾರ. ಯಾರಿಗೇನು ಲುಕ್ಸಾನಾತು?" ಅಂದ. ಮಾತಲ್ಲಿ ಅರ್ಧ ನಿಜ ಇದೆ, ಅದೇ ಕಷ್ಟ. ಆ ತಂಗಿ ಒಂದೇ ಮಾತು ಹೇಳಿದರು, "ಕೇಳಿದ್ದರೆ ನಾನೇ ಕೊಡ್ತಿದ್ದೆ ಕಣಪ್ಪ, ಬೋರ್ಡ್ ಯಾಕೆ ಮಂಚದ ಹಿಂದೆ?" ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ.

ಗೇಟಿನ ರಿಜಿಸ್ಟರ್ ತರಿಸಿದರು. ನಮ್ಮ ಹೆಸರಿಲ್ಲ. ನಾವು ಬಂದ ದಿನ "302, ನೆಂಟರು, 3" ಅಂತ ಅವನದೇ ಅಕ್ಷರ. ಹಿಂದಕ್ಕೆ ತಿರುವಿದರೆ 302ಕ್ಕೆ ನೆಂಟರೋ ನೆಂಟರು. ಇಷ್ಟು ನೆಂಟರು ಬರುವ ಮನೆಯ ಓನರ್ ಒಂದು ಸಲವೂ ಬಂದಿಲ್ಲ ಅಂತ ಯಾರಿಗೂ ಅನ್ನಿಸಲಿಲ್ಲವಾ? ಅನ್ನಿಸಿತ್ತು. ಎದುರು ಮನೆಯ ಅಜ್ಜಿ ಗ್ರಿಲ್ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ನನ್ನ ಹೆಂಡತಿಗೆ ಹೇಳಿದರು: "ನಮಗೆ ಗೊತ್ತಿತ್ತು ಬಿಡವ್ವ. ನಮ್ಮ ಮೊಮ್ಮಗನ ಜವಳದಾಗ ನಾವೂ ಎರಡು ದಿನ ತಗೊಂಡಿದ್ವಿ, ನೆಂಟರಿಗೆ." ಇದನ್ನು ಕೇಳಿ ನಗು ಬಂತು. ಅಪಾರ್ಟ್‌ಮೆಂಟ್ ಪೂರ್ತಿ ಗಿರಾಕಿಯೇ.

ಅಸೋಸಿಯೇಷನ್ ಸೆಕ್ರೆಟರಿ ಬಂದರು, ಬನಿಯನ್ ಮೇಲೆ ಟವೆಲ್ ಹೊದ್ದುಕೊಂಡು. ಅವರ ಮಾತು ಇಷ್ಟೇ: "ಕೀ ನೀವು ಅವನಿಗೆ ಕೊಟ್ಟಿದ್ದು, ಅಸೋಸಿಯೇಷನ್‌ಗೆ ಅಲ್ಲ." ತಂಗಿ ಕೇಳಿದರು, "ಅವನಿಗೆ ಸಂಬಳ ಕೊಡೋದು ಯಾರು?" "ಮೇಂಟೆನೆನ್ಸ್‌ನಲ್ಲಿ ನಾವೇ." "ಮೇಂಟೆನೆನ್ಸ್ ನಮ್ಮ ಮನೆಯಿಂದಾನೂ ಬರುತ್ತಲ್ಲ?" ಹೀಗೇ ಅರ್ಧ ಗಂಟೆ ಚೆಂಡು ಆ ಕಡೆ ಈ ಕಡೆ. ಖಾಲಿ ಮನೆಯ ಕೀ ಯಾರ ಹತ್ತಿರ ಇರಬೇಕು, ಕೊಟ್ಟರೆ ಎಲ್ಲಿ ಬರೆದಿಡಬೇಕು ಅಂತ ಒಂದು ಸಾಲು ಕೂಡ ಅವರ ಬೈಲಾದಲ್ಲಿ ಇಲ್ಲವಂತೆ. ಟ್ಯಾಂಕರ್ ನೀರಿನ ದುಡ್ಡು ಎಲ್ಲರಿಗೂ ಹಂಚಿ ಹಾಕುತ್ತಾರಂತೆ, ಅಂದರೆ 302ರ ನೆಂಟರ ಸ್ನಾನದ ಖರ್ಚು ಇಡೀ ಬಿಲ್ಡಿಂಗ್ ಕೊಟ್ಟಿದೆ.

ಪೊಲೀಸ್ ಅನ್ನುವ ಮಾತು ಬಂದಾಗ ನನ್ನ ಕಾಲು ನಡುಗಿತು, ಸುಳ್ಳು ಹೇಳಲ್ಲ. ಪಕ್ಕಕ್ಕೆ ಹೋಗಿ ಚಿತ್ರದುರ್ಗದಲ್ಲಿ ವಕೀಲಿ ಮಾಡುವ ನಮ್ಮ ಭಾವನಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು. ನಂಬಿಕೆಯಿಂದ ಒಪ್ಪಿಸಿದ್ದನ್ನು ಸ್ವಂತ ಲಾಭಕ್ಕೆ ಬಳಸಿದರೆ ಅದು ನಂಬಿಕೆ ದ್ರೋಹದ ಅಪರಾಧ ಆಗುತ್ತದೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 316ನೇ ಸೆಕ್ಷನ್. ಮೋಸ ಮಾಡಿ ನಿಮ್ಮಿಂದ ದುಡ್ಡು ಇಸಕೊಂಡಿದ್ದು 318. ಅದೆಲ್ಲ ಅವನ ತಲೆನೋವು. "ನೀನು ಗೊತ್ತಿಲ್ಲದೆ ದುಡ್ಡು ಕೊಟ್ಟು ಬಂದಿದ್ದೀಯ, ಹೆದರಬೇಡ. ಆದ್ರೆ ಮನೆಯವರು ಹೊರಡಿ ಅಂದ ಮೇಲೂ ಡೆಪಾಸಿಟ್ ಕೊಡೋತನಕ ಏಳಲ್ಲ ಅಂತ ಕೂತ್ಕೊಂಡ್ರೆ ಅತಿಕ್ರಮ ಪ್ರವೇಶ ಅಂತ ನಿನ್ನ ಮೇಲೂ ಬರಬಹುದು, 329. ಮೊದಲು ಜಾಗ ಖಾಲಿ ಮಾಡು, ದುಡ್ಡಿನ ಜಗಳ ಹೊರಗೆ ನಿಂತು ಆಡು." ಆಮೇಲೆ ಬೈದರು ಕೂಡ. ದುಡ್ಡು ಹೋದ ಹೆಸರು ಕರೆಂಟ್ ಬಿಲ್ಲಿನ ಹೆಸರು ಒಂದೇನಾ ಅಂತ ನೋಡೋಕೆ ಎರಡು ನಿಮಿಷ ಸಾಕಿತ್ತಲ್ಲ ಅಂತ. ಅಥವಾ ಓನರ್‌ಗೆ ಒಂದು ಫೋನ್ ಹಾಕಿಸು ಅಂದಿದ್ದರೂ ಆಗುತ್ತಿತ್ತು. ಪೇಶೆಂಟ್ ಇಟ್ಟುಕೊಂಡು ಮನೆ ಹುಡುಕುವವರು ಇದನ್ನು ಓದುತ್ತಿದ್ದರೆ ಇವೆರಡನ್ನು ನೆನಪಿಟ್ಟುಕೊಳ್ಳಿ, ನಾನು ಮಾಡಲಿಲ್ಲ.

ಯೋಚಿಸಿದಷ್ಟೂ ಆ ಆಧಾರ್ ವಿಷಯ ಕಾಡುತ್ತದೆ. ಮೂರು ರಾತ್ರಿ ಆ ಮನೆಯಲ್ಲಿದ್ದ ಮೂರು ಜನ ಯಾರು ಅಂತ ಎಲ್ಲೂ ದಾಖಲೆ ಇಲ್ಲ. ರಾತ್ರಿ ಗ್ಯಾಸ್ ಲೀಕ್ ಆಗಿದ್ದರೆ, ಅಪ್ಪನಿಗೆ ಏನಾದರೂ ಆಗಿದ್ದರೆ, ನಾವು ಅಲ್ಲಿ ಇರಲೇ ಇಲ್ಲ ಅಂತ ಅವನು ಅಂದಿದ್ದರೆ? ಬೀಗ ಹಾಕಿದ ರೂಮಿನಿಂದ ಏನಾದರೂ ಕಳುವಾಗಿದ್ದರೆ ಮೊದಲು ಕೈ ತೋರಿಸುವುದು ನಮ್ಮ ಕಡೆಗೇ.

ತಂಗಿ ಆವತ್ತು ಸ್ಟೇಷನ್‌ಗೆ ಹೋಗಲಿಲ್ಲ. ಅಣ್ಣ ಬಂದ ಮೇಲೆ ನೋಡೋಣ ಅಂದರು. ಎಲ್ಲ ಮನೆಯ ಕೀ ಗೊಂಚಲು ಅವನಿಂದ ಇಸಕೊಂಡು ಸೆಕ್ರೆಟರಿ ಕೈಗೆ ಕೊಟ್ಟು, ಎಣಿಸಿ ಬರೆಸಿಕೊಂಡರು. ನಮಗೆ "ಅಪ್ಪಾಜಿ ಮಧ್ಯಾಹ್ನ ಮಲಗಿ ಎದ್ದ ಮೇಲೆ ಹೊರಡಿ, ಅವಸರ ಇಲ್ಲ" ಅಂದರು. ಮಧ್ಯಾಹ್ನ ಆಕೆಯೂ ಅಲ್ಲೇ ಉಳಿದರು, ನನ್ನ ಹೆಂಡತಿ ಮಾಡಿದ ಮುದ್ದೆ ಸಾರು ಉಂಡರು. ಊಟ ಆದ ಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಬಾಗಿಲ ಚೌಕಟ್ಟಿನ ಆ ಕೊಕ್ಕೆ ಕಿತ್ತು, ಗೆರೆ ಅಳಿಸದ ಹಾಗೆ ಅಂಟು ಮಾತ್ರ ಉಜ್ಜುತ್ತಾ ನಿಂತಿದ್ದರು. ಅದು ಅವರ ಅಣ್ಣನ ಮಗಳ ಎತ್ತರವಂತೆ, ಈಗ ಆ ಹುಡುಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ನಾನು ಅಲ್ಲಿ ನಿಲ್ಲಲಾರದೆ ಬ್ಯಾಗ್ ತುಂಬಲು ಹೋದೆ.

ಸಂಜೆ ಆಟೋ ಮಾಡಿಸಿ ಪಿ.ಬಿ. ರಸ್ತೆಯ ಒಂದು ಲಾಡ್ಜ್‌ಗೆ ಬಂದೆವು. ದಿನಕ್ಕೆ 1,600, ಕಮೋಡ್ ಇದೆ, ಅಡುಗೆ ಇಲ್ಲ. ಮೂವರದೂ ಆಧಾರ್ ಜೆರಾಕ್ಸ್ ಕೇಳಿದರು. ಈ ಸಲ ಕೇಳುವ ಮೊದಲೇ ಕೊಟ್ಟೆ.

ದುಡ್ಡಿನ ಲೆಕ್ಕ: 8,000 ಕೊಟ್ಟಿದ್ದೆ, ನಾಲ್ಕು ದಿನ ಇದ್ದೆವು. 4,000 ವಾಪಸ್ ಬರಬೇಕು. ರಾತ್ರಿ 2,500 ಅದೇ ಹೆಂಗಸಿನ ಹೆಸರಿನಿಂದ ಬಂತು. ಉಳಿದದ್ದು ಕೇಳಿದರೆ "ಗೀಸರ್ ಜಾಸ್ತಿ ಓಡ್ಸಿದ್ರಿ ಅಣ್ಣ" ಅಂತ ಮೆಸೇಜು. ಆ ಗೀಸರಿನ ಬಿಲ್ ಕಟ್ಟುವವರು ಬೆಂಗಳೂರಲ್ಲಿದ್ದಾರೆ! ಆಮೇಲೆ ಫೋನ್ ಸ್ವಿಚ್ ಆಫ್. ಟೀ ಅಂಗಡಿಯವನು ಈಗ ನನ್ನನ್ನು ನೋಡಿದರೆ ಗ್ಲಾಸ್ ತೊಳೆಯುತ್ತಾನೆ.

ಹಾಸಿಗೆ, ಲಿಫ್ಟ್, ರಾತ್ರಿ ಹತ್ತಕ್ಕೆ ತಂದುಕೊಟ್ಟ ಬಿಸಿನೀರು ಬ್ಯಾಗ್, ಇವಕ್ಕೆ ಎರಡು ಸ್ಟಾರ್ ಕೊಟ್ಟಿದ್ದೇನೆ. ಅಜ್ಜಿಗೆ ಅರ್ಧ ಕೊಡುತ್ತಿದ್ದೆ, ಅರ್ಧ ಹಾಕಲು ಬರಲ್ಲ.

ಇನ್ನೊಂದು. ಹೊರಡುವ ಗಡಿಬಿಡಿಯಲ್ಲಿ ನಮ್ಮ ಮೂರು ಲೀಟರ್ ಕುಕ್ಕರ್ ಆ ಅಡುಗೆಮನೆಯಲ್ಲೇ ಉಳಿದಿದೆ, ಒಗ್ಗರಣೆ ಡಬ್ಬಿಯ ಪಕ್ಕ. ಹರಿಹರದ ಅಕ್ಕ ಫೋನ್ ಮಾಡಿ, "ನಾನು ಮುಂದಿನ ವಾರ ಬಂದಾಗ ತೆಗೆದಿಡ್ತೀನಿ, ಆದ್ರೆ ಅದರ ಗ್ಯಾಸ್ಕೆಟ್ ಕಾಣ್ತಿಲ್ವಲ್ಲ" ಅಂದರು. ಗ್ಯಾಸ್ಕೆಟ್ ನಮ್ಮ ಹತ್ತಿರ ಇದೆ. ನನ್ನ ಹೆಂಡತಿ ತೊಳೆದು ಬ್ಯಾಗಿಗೆ ಹಾಕಿದ್ದಳು.